ನಂದಾದೀಪಕ್ಕೆ ಹಡಗಿನ ಎಣ್ಣೆ

ಶ್ರೀಹರಿ

ದೇವರ ಹಿಪ್ಪರಗಿ,
ಮಾಘ ಬಹುಳ ದಶಮಿ, ರವಿವಾರ.

ಸುಮೇಧಾಳ ತಂದೆಯವರಿಗೆ ತುಳಸೀಬಾಯಿಯ ನಮಸ್ಕಾರಗಳು.

ಇಲ್ಲಿ ಎಲ್ಲ ಆರಾಮ ಎಂದು ಬರೆಯುವುದು ರೂಢಿ. ಆರಾಮ ಇಲ್ಲ. ನೀವು ಚಡಚಣದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನೆ ಮೈಬೂಬ ಗಾಡಿಯನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ ನಿಮ್ಮ ಮಾತು ಮುಟ್ಟಿಸಿದ. ಗೋದಾಮಿನ ಮೇಲಿನ ಎರಡು ಖೋಲಿಗೆ ಸುಣ್ಣ ಹಚ್ಚಿಸಿದ್ದೀರಂತೆ. ದೇವರ ಪೆಟ್ಟಿಗೆ ಕಟ್ಟಿಕೊಂಡು ಬುಧವಾರ ನಾನು ಅವನ ಗಾಡಿಯಲ್ಲೇ ಅಲ್ಲಿಗೆ ಬರಬೇಕಂತೆ. ಗುಡಿಯ ಮಾತು ಮುಗಿದುಹೋಗಿದೆ, ಅದನ್ನು ಇನ್ನು ಎತ್ತಬಾರದಂತೆ. ಜೊತೆಗೆ ಒಂದು ಬಾಟಲಿ ಎಣ್ಣೆ ಕಳಿಸಿದ್ದೀರಿ. ಅದರ ಮಾತನ್ನು ಆಮೇಲೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಎತ್ತುವುದರೊಳಗೆ ನೀವು ಹತ್ತು ಮಾತಾಡಿ ಇಟ್ಟುಬಿಡುತ್ತೀರಿ. ಕಾಗದದ ಬಾಯಿಗೆ ಅಡ್ಡ ಬರಲು ಆಗುವುದಿಲ್ಲ. ಲಚ್ಯಾಣದ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ನನ್ನದು. ತಪ್ಪಿದ್ದರೆ ನಕ್ಕು ಓದಿರಿ. ಆದರೆ ಪೂರ್ತಿ ಓದಿರಿ.

ನಾಳೆ ಏಕಾದಶಿ. ಸಂಜೆ ವಿಠ್ಠಲನ ಗುಡಿಯಲ್ಲಿ ಪಂಚರು ಕೂಡುತ್ತಾರೆ. ನಮ್ಮ ಹಿತ್ತಲಿನ ಸಿದ್ದರಾಯನ ಗಾಣದ ಎಣ್ಣೆ ಇನ್ನು ಎಂದಿಗೂ ದೇವರಿಗೆ ಸಲ್ಲಬಾರದು ಎಂದು ಠರಾವು ಮಾಡುವವರಿದ್ದಾರೆ. ಅಷ್ಟೇ ಅಲ್ಲ. ದೀಪಕ್ಕೆ ಎಣ್ಣೆ ಕೊಟ್ಟವರ ಹೆಸರಿನ ಕಲ್ಲು ಗುಡಿಯ ಗೋಡೆಯಲ್ಲಿ ಇದೆಯಲ್ಲ, ಅದರ ಮೇಲಿರುವ ಅವನ ಅಪ್ಪನ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸುತ್ತಾರಂತೆ. ಸಿದ್ದರಾಯ ಮಾಡದ ತಪ್ಪಿಗೆ ಸತ್ತುಹೋದ ಅವನ ಅಪ್ಪನಿಗೆ ಶಿಕ್ಷೆ. ಇದು ಆಗಬಾರದು ಎಂದು ಈ ಕಾಗದ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಈ ಎರಡು ತಿಂಗಳಲ್ಲಿ ನೀವು ಅದನ್ನು ನಿಮಗೆ ನಿದ್ದೆ ಬರುವ ಹಾಗೆ ತಿದ್ದಿಕೊಂಡಿದ್ದೀರಿ, ಅದಕ್ಕೆ.

ಧನುರ್ಮಾಸದ ಆ ನಸುಕಿನಲ್ಲಿ ನಾನು ಹುಗ್ಗಿಯ ನೈವೇದ್ಯ ಹಿಡಿದು ಗುಡಿಯ ಮೆಟ್ಟಿಲ ಮೇಲಿದ್ದೆ. ಅಂಥ ಥಂಡಿ ಈಚೆಗೆ ಬಿದ್ದಿರಲಿಲ್ಲ. ಗುಂಡಾಚಾರ್ಯರು ಗರ್ಭಗುಡಿಯ ಬಾಗಿಲು ತೆಗೆದರೆ ಒಳಗೆ ಕತ್ತಲೆ. ನಂದಾದೀಪ ಆರಿತ್ತು. ಗಾಳಿಗೆ ಆರಿದ್ದಲ್ಲ, ಎಣ್ಣೆ ತೀರಿ ಆರಿದ್ದೂ ಅಲ್ಲ. ದೀಪದ ತುಂಬ ಎಣ್ಣೆ ಇತ್ತು. ತುಪ್ಪದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ನಡುವೆ ಬತ್ತಿ ಕರಿ ಕಡ್ಡಿಯಾಗಿ ನಿಂತಿತ್ತು. ಆಚಾರ್ಯರು ಅದರಲ್ಲಿ ಬೆರಳು ಇಟ್ಟು ನೋಡಿ, “ಕುಸುಬಿ ಎಣ್ಣಿ ಎಂದಾದ್ರೂ ಹೆಪ್ಪಗಟ್ಟೇದೇನವಾ?” ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ? ಥಂಡಿಯಲ್ಲಿ ಯಾವ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ಊರಿನ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಪಾಕೀಟನ್ನು ಒಲೆಯ ಬದಿಗೆ ಇಟ್ಟು ಕರಗಿಸಿಕೊಂಡೇ ಒಗ್ಗರಣೆ ಹಾಕುವವರು ನಾವು. ಹಡಗಿನ ಎಣ್ಣೆ. ಪರದೇಶದಿಂದ ಬರುವ ಆ ಪಾಮ್ ಎಣ್ಣೆಗೆ ಈ ಹೆಸರು ಇಟ್ಟವನೂ ಸಿದ್ದರಾಯನೇ.

ಆ ಎಣ್ಣೆಯನ್ನು ನಾನು ಬೈಯುವುದಿಲ್ಲ. ಹಡಗನ್ನು ಕರೆದವರಲ್ಲಿ ನಾನೂ ಒಬ್ಬಳು. ಸುಮೇಧಾಳ ಡಬ್ಬಿ ತೆಗೆದರೆ ಕುಸುಬಿ ಎಣ್ಣೆಯ ವಾಸನೆ ಬರುತ್ತದೆ ಎಂದು ಸಾಲಿಯಲ್ಲಿ ಗೆಳತಿಯರು ಮೂಗು ಮುರಿದರು. ಅವಳು ಅತ್ತಳು. ಮರುದಿನವೇ ಅಂಗಡಿಯಿಂದ ಪಾಕೀಟು ತರಿಸಿದವಳು ನಾನು. ಮೊದಲು ಹಬ್ಬ ಬಂದರೆ ಮಾತ್ರ ಬಾಣಲೆ ಏರುತ್ತಿತ್ತು. ಆಮೇಲೆ ರವಿವಾರ ಬಂದರೆ ಪೂರಿ, ಬೀಗರು ಬಂದರೆ ಭಜಿ, ಬರೇ ಮಳೆ ಮೋಡ ಆದರೂ ಭಜಿ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಒಂದು ಮಿರ್ಚಿ ಬಂಡಿ ಇತ್ತು, ಈಗ ಸಿಂದಗಿ ರಸ್ತೆಯ ಉದ್ದಕ್ಕೂ ಬಂಡಿಗಳೇ. ಬಡವರ ಮದುವೆಯಲ್ಲೂ ಕರಿದದ್ದು ಬಡಿಸದಿದ್ದರೆ ಬೀಗರು ಎದ್ದು ಹೋಗುವ ಕಾಲ. ಜನರ ಕೈಯಲ್ಲಿ ನಾಲ್ಕು ಕಾಸು ಆಡಿತು, ನಾಲಿಗೆ ಕೇಳಿತು. ಅದರಲ್ಲಿ ಪಾಪವೇನೂ ನನಗೆ ಕಾಣುವುದಿಲ್ಲ.

ಒಮ್ಮೆ ಸುಮೇಧಾ ಊಟಕ್ಕೆ ಕೂತಾಗ, ಇಷ್ಟು ದೊಡ್ಡ ದೇಶ ಎಣ್ಣೆಯನ್ನು ಹೊರಗಿನಿಂದ ಯಾಕೆ ತರಬೇಕು ಎಂದು ನಿಮ್ಮನ್ನು ಕೇಳಿದ್ದಳು. ನೀವು ತಾಟಿನಿಂದ ತಲೆ ಎತ್ತದೆ ಹೇಳಿದ್ದು ನನಗೆ ನೆನಪಿದೆ. “ಮಂದಿ ಕೈಯಾಗ ರೊಕ್ಕ ಬಂತಂದ್ರ ಮೊದಲು ಎಣ್ಣಿ ಕೇಳ್ತದ, ಆಮ್ಯಾಲೆ ಗಾಡಿ ಕೇಳ್ತದ. ಬಾಯಿ ಬೆಳದಾವ, ಹೊಲ ಬೆಳದಿಲ್ಲ. ಎಣ್ಣಿ ತುಟ್ಟಿ ಆತಂದ್ರ ಶಹರದಾಗ ಬೊಬ್ಬಿ ಹೊಡೀತಾರ, ಸರಕಾರ ಸುಂಕ ಇಳಸ್ತದ, ಮತ್ತ ನಾಕು ಹಡಗ ಬರ್ತಾವ. ಹಿಂಗಿದ್ದಮ್ಯಾಲೆ ಯಾವ ಮಗ ಕುಸುಬಿ ಬಿತ್ತತಾನ ಹೇಳು?”

ಸುಳ್ಳಲ್ಲ. ಕುಸುಬಿ ಎಂದರೆ ಮೈಯೆಲ್ಲ ಮುಳ್ಳು. ಕೊಯ್ಯಲು ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಇಳಿಯಬೇಕು. ಹಾಗೆ ಇಳಿಯುತ್ತಿದ್ದವರು ಪುಣೆ, ಗೋವಾದ ಕಟ್ಟಡದ ಕೆಲಸಕ್ಕೆ ಹೋದರು. ಕಾಲುವೆ ಬಂದ ಕಡೆ ಕಬ್ಬು ನಿಂತಿತು, ಬರದ ಕಡೆ ತೊಗರಿ. ನಾನು ಸಣ್ಣವಳಿದ್ದಾಗ ಅವ್ವ ಕುಸುಬಿ ಅರೆದು ಹಾಲು ತೆಗೆದು ಹುಗ್ಗಿ ಮಾಡುತ್ತಿದ್ದಳು. ಈಗ ಕುಸುಬಿ ಹಾಲು ಎಂದರೆ ಹುಡುಗಿಯರು ಎಮ್ಮೆ ಯಾವುದು ಎಂದು ಕೇಳುತ್ತಾರೆ. ನಮ್ಮ ಹಿತ್ತಲಿನ ಗಾಣ ತಿರುಗುತ್ತಿದ್ದರೂ, ಅದನ್ನು ನಡೆಸುವ ಸಿದ್ದರಾಯನ ಹೆಂಡತಿ ದುರ್ಗವ್ವ ತನ್ನ ಒಲೆಗೆ ಪಾಕೀಟನ್ನೇ ಒಯ್ಯುತ್ತಿದ್ದಳು. “ನನ್ನ ಗಂಡ ತಗದ ಎಣ್ಣಿ ನನಗs ಎಟಕೂದಿಲ್ರಿ ಬಾಯಾರ. ಮೂಸಿ ನೋಡಾಕ ರೊಕ್ಕ ಕೇಳಂಗಿಲ್ಲ, ಅಷ್ಟ ಪುಣ್ಯಾ” ಎಂದು ನಗುತ್ತಿದ್ದಳು.

ಇಲ್ಲಿಯವರೆಗೆ ಎಲ್ಲ ಲೋಕದ ನಡೆ. ಅದಕ್ಕೆ ನಿಮ್ಮನ್ನು ನಾನು ಹೊಣೆ ಮಾಡುವುದಿಲ್ಲ.

ಆಮೇಲೆ ಎಣ್ಣೆ ಕೇಳಿಕೊಂಡು ಪುಣೆಯ ವ್ಯಾಪಾರಿಗಳು ಬಂದರು. ಹೃದಯಕ್ಕೆ ಚಲೋ ಎಂದು ಯಾರೋ ಡಾಕ್ಟರು ಹೇಳಿದರಂತೆ, ದೊಡ್ಡ ಮನೆಯವರಿಗೆ ಗಾಣದ ಕುಸುಬಿ ಎಣ್ಣೆಯೇ ಬೇಕಾಯಿತು. ಅವರು ಕೇಳಿದಷ್ಟು ಎಣ್ಣೆ ಇಲ್ಲ, ಇದ್ದಷ್ಟೂ ಅವರಿಗೇ. ಸಿದ್ದರಾಯ ಹಿಂಡಿದ್ದೆಲ್ಲ ಬಾಟಲಿಗೆ ಹೋಯಿತು. ಗಾಣದಿಂದ ನಂದಾದೀಪಕ್ಕೆ ಹೋಗುವ ದೇವರ ಪಾಲಿನ ಡಬ್ಬಿಯನ್ನೂ ಈ ಸಲ ನೀವು ಬಿಡಲಿಲ್ಲ. ಅಂಗಡಿಯ ಹಿಂದಿನ ಖೋಲಿಯಲ್ಲಿ ನಿಮ್ಮ ಕೈಯಾರೆ ಆ ಡಬ್ಬಿ ತುಂಬಿ, ಬಾಯಿಗೆ ಅರಿವೆ ಕಟ್ಟುತ್ತಿದ್ದಿರಿ. ನಾನು ಚಹಾ ತಂದವಳು ನೋಡಿದೆ. ಗಾಣದ್ದೇ ಎಂದುಕೊಂಡೆ. ಕಡೆಗೆ ಏನಾಯಿತು ನೋಡಿರಿ, ದುರ್ಗವ್ವನ ಒಲೆಗೂ ವಿಠ್ಠಲನ ದೀಪಕ್ಕೂ ಒಂದೇ ಎಣ್ಣೆ ಬಂತು.

ದೀಪ ಆರಿದ ದಿನ ಸಂಜೆ ಪಂಚರು ಕೂಡಿ ನನ್ನನ್ನು ಕರೆಸಿದರು. ಹೆಣ್ಣುಮಕ್ಕಳು ನಿಲ್ಲುವ ಕಂಬದ ಮರೆಯಲ್ಲಿ ಸೆರಗು ಹೊದ್ದು ನಿಂತೆ. ಹಿರಿಯರಾದ ಸುಭಾಸ ಮಾಸ್ತರರು, “ಬಾಯಾರ, ಡಬ್ಬಿ ನಿಮ್ಮ ಮನಿಯಿಂದ ಬಂದೈತಿ. ತುಂಬಿದವರು ಯಾರು, ಅಷ್ಟ ಹೇಳ್ರಿ” ಎಂದರು. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ನನಗೆ ಹೇಳಿಕೊಟ್ಟದ್ದು. ಮದುವೆಯಲ್ಲಿ ಎಲ್ಲರೂ ಕೂತು ನಗಾಡುತ್ತಾ ಹೆಸರು ಹೇಳಿಸುತ್ತಾರಲ್ಲ, ಆಗ ಒಡಪಿನ ಪ್ರಾಸದೊಳಗೆ ಮುಚ್ಚಿ ಒಮ್ಮೆ ಹೇಳಿದ್ದೆ. ಮುಂದೆ ಎಂದೂ ಇಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಸುಮೇಧಾಳ ಕಡೆ ಬೆರಳು ತೋರಿಸಿದವಳು. ಅದಕ್ಕೆ ಪಂಚರಿಗೆ ನಾನು, “ನಮ್ಮ ಮನಿಯವರು” ಎಂದೆ.

ಹೆಂಡತಿಯಾದವಳು ಹಾಗೆ ಅಂದರೆ ಒಂದೇ ಅರ್ಥ. ನಾನು ಹೇಳಿ, ತಲೆ ತಗ್ಗಿಸಿ ಹೊರಗೆ ಬಂದೆ. ನನ್ನ ಗಂಡನ ಮರ್ಯಾದೆಯನ್ನು ನಾನೇ ಬೀದಿಗೆ ಇಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಅತ್ತೆ. ನೀವು ಮನೆಗೆ ಬಂದಿರಿ, ಕಾಲು ತೊಳೆದು ಊಟಕ್ಕೆ ಕೂತಿರಿ, ಇನ್ನೊಂದು ಭಕ್ರಿ ಹಾಕೆಂದಿರಿ. ತಪ್ಪು ಒಪ್ಪಿಕೊಂಡು ಬಂದಿದ್ದೀರಿ, ಮನಸ್ಸು ಹಗುರಾಗಿದೆ ಎಂದು ನಾನು ಒಳಗೊಳಗೇ ವಿಠ್ಠಲನಿಗೆ ಕೈ ಮುಗಿದೆ. ಆ ಭಕ್ರಿಗೆ ಬೆಣ್ಣೆಯನ್ನೂ ಹಾಕಿದೆ.

ಬೆಳಗಾದರೆ ಸಿದ್ದರಾಯ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ರುಮಾಲು ತಲೆಯ ಮೇಲೆ ಇರಲಿಲ್ಲ, ಕೈಯಲ್ಲಿತ್ತು.

“ಬಾಯಾರ, ನಾ ಆ ಡಬ್ಬಿ ಮುಟ್ಟಿಲ್ರಿ.”

“ಗೊತ್ತದ ಸಿದ್ದರಾಯ. ಮುಟ್ಟಿ ಅಂತ ಯಾರು ಅಂದ್ರು?”

“ನೀವs ಅಂದ್ರಂತಲ್ರಿ.”

ನಮ್ಮ ಮನೆತನದ ಗಾಣದವನೆಂದು ಊರಿಗೆಲ್ಲ ಅವನು ‘ಹಂಚಿನಾಳರ ಮನಿಯವ’. ಅವನ ಅಪ್ಪನನ್ನೂ ಹಾಗೇ ಕರೆಯುತ್ತಿದ್ದರು. ನಾನು ‘ಮನಿಯವರು’ ಎಂದದ್ದನ್ನು ಪಂಚರು ‘ಮನಿಯವ’ ಎಂದು ಕೇಳಿಸಿಕೊಂಡರು. ದೊಡ್ಡ ಮನುಷ್ಯರ ಮೇಲೆ ಅನುಮಾನ ಬರುವುದು ಕಷ್ಟ, ಗಾಣದವನ ಮೇಲೆ ಸಲೀಸು. ಹೌದೋ ಅಲ್ಲವೋ ಎಂದು ಅವರು ನಿಮ್ಮನ್ನು ಕೇಳಿದರಂತೆ. “ನಮ್ಮಾಕಿ ಹೇಳಿದಮ್ಯಾಲೆ ಮುಗೀತಲ್ರಿ” ಎಂದಿರಂತೆ. ಅಂದೇ ಸಿದ್ದರಾಯನಿಗೆ ಗುಡಿಯ ಮೆಟ್ಟಿಲು ಬಂದ್ ಆಯಿತು.

ನಾನು ನಿಮ್ಮ ಕಾಲು ಹಿಡಿದು, ಹೋಗಿ ನಿಜ ಹೇಳಿ ಬರ್ರಿ ಎಂದೆ. ನೀವು ಏನಂದಿರಿ? “ನೀ ಹೇಳಿದ್ದು ಸುಳ್ಳಲ್ಲ. ನಾ ಹೇಳಿದ್ದೂ ಸುಳ್ಳಲ್ಲ. ಅವರು ತಪ್ಪ ಕೇಳಿಸ್ಕೊಂಡ್ರ ಅದು ಅವರ ಕಿವಿ.” ಆಮೇಲೆ ಸಂಕ್ರಮಣ ಆಗಲಿ ಎಂದಿರಿ. ಸಂಕ್ರಮಣ ಆಯಿತು, ಪುಣೆಯ ಮಾಲು ಹೋಗಲಿ ಎಂದಿರಿ. ನಾನೂ ಕಾದೆ. ಕಾಯುವುದು ಸುಲಭ ಇತ್ತು, ಅದಕ್ಕೆ ಕಾದೆ. ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದು ನಿಮಗೆ ಏನಾದರೂ ಆದರೆ ಎಂಬ ಹೆದರಿಕೆ ಒಂದು ಕಡೆ. ನಾಳೆ ಊರಿನವರ ಎದುರು ಹೇಗೆ ನಡೆದಾಡಲಿ ಎಂಬುದು ಇನ್ನೊಂದು ಕಡೆ. ಯಾವುದು ಹೆಚ್ಚಿತ್ತು ಎಂದು ನನ್ನನ್ನು ಕೇಳಬೇಡಿರಿ.

ಸಿದ್ದರಾಯನಿಗೂ ಹೇಳಿದೆ, ದೇವರ ಮುಂದೆ ಆಣೆ ಮಾಡಿಬಿಡು ಎಂದು. ಅವನು ನಕ್ಕ. “ನಾ ಅಲ್ಲ ಅಂತ ಆಣಿ ಮಾಡಿದ್ರ, ಮತ್ತ್ಯಾರು ಅಂತ ಕೇಳ್ತಾರ್ರಿ ಬಾಯಾರ. ಧಣ್ಯಾರ ಅನ್ನಾ ಉಂಡ ಬಾಯಿ ಇದು.” ಅಂದಿನಿಂದ ಗಾಣ ನಿಂತಿತು. ಜನ ಹಿಂಡಿಗೂ ಬರಲಿಲ್ಲ, ದನಕ್ಕೆ ಹಾಕಲೂ ಅವನದು ಬೇಡವಾಯಿತು. ರಥಸಪ್ತಮಿಯ ಮರುದಿನ ಬೆಳಿಗ್ಗೆ ದುರ್ಗವ್ವ ನೋಡುವಾಗ ಗಾಣದ ಬುಡದಲ್ಲೇ ಬಿದ್ದಿದ್ದ. ಲಕ್ವಾ ಹೊಡೆದು ಬಲಗೈ, ಬಲಗಾಲು, ನಾಲಿಗೆ ಹೋಗಿದ್ದವು. ನೀವು ಗಾಡಿ ಮಾಡಿ ವಿಜಯಪುರದ ದವಾಖಾನೆಗೆ ಕಳಿಸಿದಿರಿ, ಖರ್ಚೂ ಕೊಟ್ಟಿರಿ, ಇಲ್ಲ ಅನ್ನುವುದಿಲ್ಲ. ಆದರೆ ಅವನನ್ನು ತಿರುಗಿ ಮನೆಗೆ ತರುವ ದಿನ ನೀವು ಚಡಚಣಕ್ಕೆ ಹೋದಿರಿ. ಬಾ ಎಂದಿರಿ, ನಾನು ಬರಲಿಲ್ಲ. ಅವನ ಬಾಯಿ ಹೋದ ಮೇಲೆ ಆ ಮಾತು ಗೊತ್ತಿರುವ ಬಾಯಿಗಳು ಎರಡೇ ಉಳಿದಿವೆ. ನಿಮ್ಮದು, ನನ್ನದು.

ಈಗ ಬಾಟಲಿಯ ಮಾತು. ಮೈಬೂಬ ಅದನ್ನು ಕೊಡುವಾಗ, “ನೋಡ್ರಿ ಬಾಯಾರ, ಸಿದ್ದರಾಯಣ್ಣ ಹಾಸಿಗಿ ಬಿಟ್ಟು ಎದ್ದಿಲ್ಲ, ಬಾಟ್ಲಿ ಮ್ಯಾಲೆ ಕುಂತು ಪುಣೆಕ್ಕ ಹೊಂಟಾನ” ಎಂದ. ನಗಿಸಲು ಹೇಳಿದವನು, ಹೇಳಿ ತಾನೇ ಮುಖ ತಿರುಗಿಸಿಕೊಂಡು ಗಾಡಿ ಹತ್ತಿದ. ಚೀಟಿಯ ಮೇಲೆ ಸಿದ್ದರಾಯನ ಫೋಟೋ. ರುಮಾಲು, ಮೀಸೆ, ಗಾಣದ ಮೇಲೆ ಒಂದು ಕೈ. ಕೆಳಗೆ ‘ಅಜ್ಜನ ಗಾಣ’ ಎಂದು ಚೆಂದದ ಅಕ್ಷರ. ಗಾಣವೇ ನಿಂತಿದೆಯಲ್ಲ, ಈ ಎಣ್ಣೆ ಎಲ್ಲಿಯದು ಎಂದು ನನಗೆ ಅನಿಸಿತು. ಬಾಟಲಿಯನ್ನು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟೆ. ಬೆಳಿಗ್ಗೆ ತೆಗೆದರೆ ಅರ್ಧಕ್ಕಿಂತ ಹೆಚ್ಚು ಬೆಳ್ಳಗೆ ಕೂತಿತ್ತು. ಪುಣೆಯವರಿಗೂ ಅದೇ ಹಡಗು.

ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಿದ್ದರಾಯನ ಮನೆಗೆ ಹೋದೆ. ಯಾಕೆ ಹೋದೆ ಎಂದು ಈಗಲೂ ಗೊತ್ತಿಲ್ಲ. ದುರ್ಗವ್ವ ಚೀಟಿಯನ್ನು ಬಹಳ ಹೊತ್ತು ನೋಡಿದಳು. ನನ್ನನ್ನು ಬೈಯುತ್ತಾಳೆ, ಬಾಟಲಿಯನ್ನು ಒಗೆಯುತ್ತಾಳೆ ಎಂದು ಕಾದೆ. “ಫೋಟೋ ಚಲೋ ಬಂದೈತ್ರಿ” ಎಂದಳು. “ನಾಳೆ ಇವರು ಹೋದಮ್ಯಾಲೆ ಇಟ್ಟು ಪೂಜಿ ಮಾಡಾಕ ನಮ್ಮನ್ಯಾಗ ಒಂದೂ ಫೋಟೋ ಇಲ್ರಿ. ಎಣ್ಣಿ ನೀವು ಒಯ್ರಿ ಬೇಕಾದ್ರ, ಈ ಚೀಟಿ ಬಿಡಿಸಿಕೊಡ್ತೀರೇನು?” ಬಿಸಿನೀರಿನಲ್ಲಿ ಅದ್ದಿ ಚೀಟಿ ಬಿಡಿಸಿ ಕೊಟ್ಟು ಬಂದೆ. ಕಿವಿಯ ಹತ್ತಿರ ಸ್ವಲ್ಪ ಹರಿಯಿತು.

ನನ್ನ ಬೇಡಿಕೆ ಇಷ್ಟೇ. ಈ ಕಾಗದವನ್ನು ನಾಳೆ ನಸುಕಿಗೆ ಮೈಬೂಬನ ಕೈಯಲ್ಲಿ ಕೊಡುತ್ತೇನೆ. ಊಟದ ಹೊತ್ತಿನೊಳಗೆ ನಿಮಗೆ ಮುಟ್ಟುತ್ತದೆ. ಅವನ ಗಾಡಿಯಲ್ಲೇ ಹೊರಟು ಬನ್ನಿರಿ. ಪಂಚರ ಮುಂದೆ ನಿಂತು, ತುಂಬಿದವನು ನಾನು ಎಂದು ಒಂದು ಮಾತು ಹೇಳಿರಿ. ಆಮೇಲೆ ನೀವು ಕರೆದಲ್ಲಿಗೆ ಬರುತ್ತೇನೆ. ಅಂಗಡಿ ಹೋದರೂ ಬರುತ್ತೇನೆ, ಊರು ಉಗುಳಿದರೂ ನಿಮ್ಮ ಮಗ್ಗುಲಲ್ಲೇ ನಿಲ್ಲುತ್ತೇನೆ. ದೇವರ ಪೆಟ್ಟಿಗೆಯನ್ನು ಆಗಲೇ ಕಟ್ಟಿ ಇಟ್ಟಿದ್ದೇನೆ. ನಿಮ್ಮ ದಾರಿ ನೋಡುತ್ತೇನೆ.

ನಿಮ್ಮವಳು,
ತುಳಸೀಬಾಯಿ

ತಾ. ಕ. — ದ್ವಾದಶಿ, ಮಂಗಳವಾರ.

ನಿನ್ನೆ ಮಧ್ಯಾಹ್ನ ಮೈಬೂಬ ಒಬ್ಬನೇ ಬಂದ. ಕಾಗದವನ್ನು ನೀವು ಒಡೆಯದೆಯೇ ಹಿಂದಕ್ಕೆ ಕಳಿಸಿದ್ದಿರಿ. “ಬುಧವಾರ ಬರ್ತಾಳಲ್ಲ, ಏನಿದ್ರೂ ಬಾಯಿಲೇ ಹೇಳಲಿ” ಎಂದಿರಂತೆ.

ಬಾಯಿಂದಲೇ ಹೇಳಿದೆ. ಸಂಜೆ ಕಂಬದ ಮರೆ ಬಿಟ್ಟು ಮುಂದೆ ಬಂದು, ಗಂಡನ ಹೆಸರು ಹೇಳುವುದಿದೆ ಎಂದೆ. ಹಿಂದೆ ಹೆಂಗಸರು ಕಿಸಕ್ಕೆಂದರು. ಸುಭಾಸ ಮಾಸ್ತರರೂ ನಗುತ್ತಾ, “ಹಂಗಾರ ಒಡಪ ಹಾಕಿ ಹೇಳ್ರಿ ಬಾಯಾರ” ಎಂದರು. ಒಡಪು ಹಾಕಲಿಲ್ಲ. ಡಬ್ಬಿ ತುಂಬಿದವರು ಅನಂತ ವಾಮನರಾವ ಹಂಚಿನಾಳ, ನನ್ನ ಗಂಡ ಎಂದೆ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳುತ್ತೇನೆ ಎಂದೆ. ಇನ್ನೊಮ್ಮೆ ಹೇಳೆಂದು ಯಾರೂ ಅನ್ನಲಿಲ್ಲ. ಮಾಸ್ತರರು, ಉಳಿ ಹಿಡಿದು ಕೂತಿದ್ದವನಿಗೆ ನೀ ಮನೆಗೆ ಹೋಗು ಎಂದರು. ಕಲ್ಲಿನ ಮೇಲಿನ ಹೆಸರು ಉಳಿದಿದೆ.

ಅಲ್ಲಿಂದ ದುರ್ಗವ್ವನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು, “ಇವರಿಗೆ ಮಾತು ಇದ್ದಾಗ ಯಾಕ ಹೇಳಲಿಲ್ರಿ?” ಸಿದ್ದರಾಯ ಎಚ್ಚರ ಇದ್ದ. ನನ್ನ ಕಡೆ ನೋಡಲಿಲ್ಲ, ಗೋಡೆಗೆ ಅಂಟಿಸಿದ ತನ್ನ ಫೋಟೋದ ಕಡೆ ನೋಡುತ್ತಿದ್ದ.

ಮನೆಗೆ ಬಂದು ನಿಮ್ಮ ಆಯುಷ್ಯಕ್ಕೆ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಪೆಟ್ಟಿಗೆಯನ್ನು ಬಿಚ್ಚಿ ದೇವರನ್ನು ಮತ್ತೆ ಮೊದಲಿನ ಜಾಗದಲ್ಲೇ ಕೂಡಿಸಿದ್ದೇನೆ. ಬುಧವಾರದ ಗಾಡಿ ಬೇಡ ಎಂದು ಮೈಬೂಬನಿಗೆ ಹೇಳಿಯಾಗಿದೆ. ಮೊದಲ ಲಕೋಟೆಯ ಮೇಲೆ ‘ಸುಮೇಧಾಳ ತಂದೆಯವರಿಗೆ’ ಎಂದಷ್ಟೇ ಇತ್ತು, ಅದನ್ನು ಹಿಂದಕ್ಕೆ ಕಳಿಸುವುದು ನಿಮಗೆ ಸುಲಭವಾಯಿತು. ಈ ಸಲ ಅಂಚೆಗೆ ಹಾಕುತ್ತಿದ್ದೇನೆ. ಮೇಲೆ ನಿಮ್ಮ ಹೆಸರನ್ನು ಪೂರ್ತಿ, ನನ್ನ ಕೈಯಿಂದಲೇ ಬರೆದಿದ್ದೇನೆ.